ಒಂಬತ್ತರಲ್ಲಿ ಸಿ, ಹನ್ನೊಂದರಲ್ಲಿ ಎ: ಏರುತ್ತಿರುವ ಜಿಪಿಎ ಇಟ್ಟುಕೊಂಡು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತೀರಿ. ಒಬ್ಬಟ್ಟಿನ ಮೇಜು ಇನ್ನೂ ದೂರವಿರುವಾಗಲೇ ಪಕ್ಕದವರು ದನಿ ತಗ್ಗಿಸಿ ಕೇಳುತ್ತಾರೆ: “ಮಗನಿಗೆ ಒಂಬತ್ತನೇ ತರಗತಿಯಲ್ಲಿ ಅಂಕ ಕೈಕೊಟ್ಟಿತು. ಈಗ ಪರವಾಗಿಲ್ಲ, ಚೆನ್ನಾಗಿ ಓದುತ್ತಿದ್ದಾನೆ. ಕಾಲೇಜು ಸಿಗುತ್ತದೆಯೇ?” ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೆಂದರೆ, ಉತ್ತರವನ್ನು ಬರೆದಿಡುವುದೇ ಲೇಸು ಎನಿಸಿತು.

ಕಾಲೇಜು ಸಿಗುತ್ತದೆ. ಯಾವುದು ಸಿಗುತ್ತದೆ ಎನ್ನುವುದು ಮಾತ್ರ ನಿಮ್ಮ ಅರ್ಜಿ ಓದುವವರ ಮುಂದೆ ಆ ಹೊತ್ತಿಗೆ ಯಾವ ವರ್ಷದ ಅಂಕಗಳು ಇರುತ್ತವೆ ಎನ್ನುವುದರ ಮೇಲೆ ನಿಂತಿದೆ. ಕೆಲವು ವಿಶ್ವವಿದ್ಯಾಲಯಗಳು ಒಂಬತ್ತನೇ ತರಗತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವು ಅದನ್ನು ಬಿಡುವುದಿಲ್ಲ. ಕೆಲವು ಹನ್ನೆರಡನೇ ತರಗತಿಯ ಮೊದಲ ಸೆಮಿಸ್ಟರ್‌ವರೆಗೆ ಕಾಯುತ್ತವೆ. ಅಂಕ ಏರಿದರೆ ಸಾಲದು, ಏರಿದ್ದು ಓದುವವರ ಕಣ್ಣಿಗೆ ಬೀಳುವ ಹೊತ್ತಿನಲ್ಲಿ ಏರಿರಬೇಕು. ಈ ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಶುರು ಮಾಡುವ ಮೊದಲು ಶಾಲೆಯಿಂದ ಟ್ರಾನ್ಸ್‌ಕ್ರಿಪ್ಟ್‌ನ ಪ್ರತಿ ತರಿಸಿಕೊಳ್ಳಿ. ಒಂಬತ್ತರಿಂದ ಈವರೆಗಿನ ಎಲ್ಲ ವಿಷಯ, ಎಲ್ಲ ಗ್ರೇಡ್ ಇರುವ ದಾಖಲೆ ಅದು. ಜೊತೆಗೆ ‘ಸ್ಕೂಲ್ ಪ್ರೊಫೈಲ್’ ಕೇಳಿ. ನಿಮ್ಮ ಶಾಲೆಯಲ್ಲಿ ಎಷ್ಟು ಎಪಿ ವಿಷಯಗಳಿವೆ, ಗ್ರೇಡ್ ಹೇಗೆ ಕೊಡುತ್ತಾರೆ ಎಂದು ಕಾಲೇಜುಗಳಿಗೆ ತಿಳಿಸುವ ಒಂದೆರಡು ಪುಟದ ಪತ್ರ ಅದು. ಎಪಿ ಎಂದರೆ ಶಾಲೆಯಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ. ಬಹಳಷ್ಟು ತಂದೆ ತಾಯಂದಿರು ಸ್ಕೂಲ್ ಪ್ರೊಫೈಲನ್ನು ನೋಡಿಯೇ ಇರುವುದಿಲ್ಲ.

1. ಜಿಪಿಎಯನ್ನು ನೀವೇ ಮೂರು ಬಗೆಯಲ್ಲಿ ಲೆಕ್ಕ ಹಾಕಿ

ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1, ಎಫ್‌ಗೆ ಸೊನ್ನೆ. ಎಲ್ಲವನ್ನೂ ಕೂಡಿ ವಿಷಯಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿಯೇ ಜಿಪಿಎ. ಎಪಿ ಮತ್ತು ಆನರ್ಸ್ (ಸಾಮಾನ್ಯಕ್ಕಿಂತ ಕಠಿಣ ಮಟ್ಟದ) ವಿಷಯಗಳಿಗೆ ಒಂದು ಅಂಕ ಹೆಚ್ಚು ಸೇರಿಸಿದರೆ ಅದು ‘ವೇಟೆಡ್’ ಜಿಪಿಎ. ಶಾಲೆಯ ಪೋರ್ಟಲ್‌ನಲ್ಲಿ ಕಾಣುವ ಸಂಖ್ಯೆಯನ್ನೇ ಎಲ್ಲ ಕಾಲೇಜುಗಳೂ ನೋಡುತ್ತವೆ ಎಂದುಕೊಂಡರೆ ಅಲ್ಲೇ ಮೊದಲ ಎಡವಟ್ಟು.

ಒಂದು ಉದಾಹರಣೆ ನೋಡಿ. ಒಬ್ಬ ಹುಡುಗನಿಗೆ ಒಂಬತ್ತರಲ್ಲಿ ಇಂಗ್ಲಿಷ್ ಬಿ, ಜ್ಯಾಮಿಟ್ರಿ ಸಿ, ಬಯಾಲಜಿ ಸಿ, ಸ್ಪ್ಯಾನಿಶ್ ಸಿ, ಚಿತ್ರಕಲೆ ಬಿ, ವ್ಯಾಯಾಮ ಎ ಬಂದಿದೆ. ಹತ್ತರಲ್ಲಿ ಇಂಗ್ಲಿಷ್ ಬಿ, ಆಲ್ಜೀಬ್ರಾ ಸಿ, ಕೆಮಿಸ್ಟ್ರಿ ಸಿ, ಇತಿಹಾಸ ಬಿ, ಸ್ಪ್ಯಾನಿಶ್ ಬಿ, ವ್ಯಾಯಾಮ ಎ. ಹನ್ನೊಂದರಲ್ಲಿ ಇಂಗ್ಲಿಷ್ ಎ, ಪ್ರಿಕ್ಯಾಲ್ಕ್ಯುಲಸ್ ಬಿ, ಫಿಸಿಕ್ಸ್ ಬಿ, ಎಪಿ ಅಮೆರಿಕ ಇತಿಹಾಸ ಎ, ಸ್ಪ್ಯಾನಿಶ್ ಬಿ, ಕಂಪ್ಯೂಟರ್ ಎ. ಎರಡೂ ಸೆಮಿಸ್ಟರ್‌ನಲ್ಲಿ ಅದೇ ಗ್ರೇಡ್ ಎಂದಿಟ್ಟುಕೊಳ್ಳಿ.

ಎಲ್ಲ ಹದಿನೆಂಟೂ ಸೇರಿಸಿದರೆ 54 ಅಂಕ, ಅಂದರೆ 3.0. ಇದು ಶಾಲೆ ತೋರಿಸುವ ಸಾದಾ ಸರಾಸರಿ. ವ್ಯಾಯಾಮವನ್ನು ತೆಗೆದುಬಿಡಿ, ಹದಿನಾರು ವಿಷಯಕ್ಕೆ 46, ಅಂದರೆ 2.88. ಅನೇಕ ಕಾಲೇಜುಗಳು ಹೀಗೆ ಮುಖ್ಯ ವಿಷಯಗಳನ್ನಷ್ಟೇ ಇಟ್ಟುಕೊಂಡು ತಮ್ಮದೇ ಲೆಕ್ಕ ಮಾಡುತ್ತವೆ. ಈಗ ಒಂಬತ್ತನೇ ತರಗತಿಯನ್ನೂ ತೆಗೆಯಿರಿ. ಹನ್ನೊಂದು ವಿಷಯಕ್ಕೆ 34, ಎಪಿಯ ಹೆಚ್ಚುವರಿ ಒಂದು ಸೇರಿ 35, ಅಂದರೆ 3.18. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದ (ಯುಸಿ) ಲೆಕ್ಕ ಹೀಗೆಯೇ ನಡೆಯುತ್ತದೆ.

ಹುಡುಗ ಒಬ್ಬನೇ, ಗ್ರೇಡ್ ಅವೇ. ಒಂದು ಕಡೆ 2.88, ಇನ್ನೊಂದು ಕಡೆ 3.18. ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಯುಸಿ ಇಟ್ಟಿರುವ ಕನಿಷ್ಠ ಮಿತಿ 3.0. ಒಂದು ಲೆಕ್ಕದಲ್ಲಿ ಬಾಗಿಲ ಹೊರಗೆ, ಇನ್ನೊಂದರಲ್ಲಿ ಒಳಗೆ.

ಊರಿನಲ್ಲಿ ಒಂಬತ್ತು ಅಥವಾ ಹತ್ತನೇ ತರಗತಿ ಓದಿ ಬಂದ ಮಕ್ಕಳ ತಂದೆ ತಾಯಂದಿರಿಗೆ ಒಂದು ಎಚ್ಚರಿಕೆ. ಎಸ್ಸೆಸ್ಸೆಲ್ಸಿಯ ಅಥವಾ ಸಿಬಿಎಸ್‌ಇಯ ಶೇಕಡಾವಾರು ಅಂಕವನ್ನು ನೀವೇ ಎ, ಬಿ, ಸಿ ಮಾಡಲು ಹೋಗಬೇಡಿ. ಅಂಕಪಟ್ಟಿಯಲ್ಲಿ 68 ಎಂದಿದ್ದರೆ 68 ಎಂದೇ ತುಂಬಿ. ಇಲ್ಲಿಯ ಶಾಲೆಗಳಲ್ಲಿ 68 ಎಂದರೆ ಸಾಮಾನ್ಯವಾಗಿ ಡಿ. ನಮ್ಮಲ್ಲಿ ಅದು ಪ್ರಥಮ ದರ್ಜೆ. ಪರದೇಶದ ಅಂಕಪಟ್ಟಿ ಓದಲು ತಿಳಿದವರು ಪ್ರವೇಶ ಕಚೇರಿಗಳಲ್ಲಿ ಇರುತ್ತಾರೆ, ಆ ಕೆಲಸ ಅವರಿಗೇ ಇರಲಿ.

2. ಯಾರು ಯಾವ ವರ್ಷ ನೋಡುತ್ತಾರೆ ಎಂದು ತಿಳಿದುಕೊಳ್ಳಿ

ಯುಸಿ ಜಿಪಿಎಗೆ ಸೇರುವುದು ಒಂಬತ್ತರ ನಂತರದ ಬೇಸಿಗೆಯಿಂದ ಹನ್ನೊಂದರ ನಂತರದ ಬೇಸಿಗೆಯವರೆಗಿನ ‘ಎ-ಜಿ’ ವಿಷಯಗಳು ಮಾತ್ರ. ಇತಿಹಾಸ, ಇಂಗ್ಲಿಷ್, ಗಣಿತ, ವಿಜ್ಞಾನ, ಇನ್ನೊಂದು ಭಾಷೆ, ಕಲೆ ಮತ್ತು ಒಂದು ಐಚ್ಛಿಕ ವಿಷಯ ಸೇರಿ ಒಟ್ಟು ಹದಿನೈದು ವರ್ಷಪೂರ್ತಿ ಪಾಠಗಳ ಪಟ್ಟಿಗೆ ಆ ಹೆಸರು. ಒಂಬತ್ತರ ಗ್ರೇಡ್ ಸರಾಸರಿಗೆ ಸೇರದಿದ್ದರೂ ಅರ್ಜಿಯಲ್ಲಿ ಕಾಣುತ್ತದೆ, ಮತ್ತು ಆ ವಿಷಯದಲ್ಲಿ ಕನಿಷ್ಠ ಸಿ ಇರಲೇಬೇಕು. ಯುಸಿ ಅರ್ಜಿ ತೂಗಿ ನೋಡಲು ಹದಿಮೂರು ಅಂಶಗಳನ್ನು ಪ್ರಕಟಿಸಿದೆ. ಇತ್ತೀಚಿನ, ಎದ್ದು ಕಾಣುವ ಸುಧಾರಣೆ ಅವುಗಳಲ್ಲಿ ಒಂದು ಎಂದು ಬರೆದೇ ಇಟ್ಟಿದ್ದಾರೆ. ಸುಮ್ಮನೆ ಸಮಾಧಾನಕ್ಕೆ ಹೇಳುವ ಮಾತಲ್ಲ.

ಹಾಗೆಂದು 3.18 ಇಟ್ಟುಕೊಂಡು ಬರ್ಕ್ಲಿ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಿಗೆ ಆಯ್ಕೆಯಾಗುವ ಬಹುಪಾಲು ಮಕ್ಕಳ ವೇಟೆಡ್ ಜಿಪಿಎ 4ಕ್ಕಿಂತ ಮೇಲಿರುತ್ತದೆ. ಮರ್ಸೆಡ್ ಮತ್ತು ರಿವರ್‌ಸೈಡ್ ಕಡೆ ನೋಡಿ. ರಿವರ್‌ಸೈಡ್ ಎಂದಾಕ್ಷಣ ಮೂಗು ಮುರಿಯುವವರನ್ನು ಕಂಡಿದ್ದೇನೆ. ಅದರಲ್ಲಿ ಅರ್ಥವಿಲ್ಲ.

ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿ (ಕ್ಯಾಲ್ ಸ್ಟೇಟ್) ಬೇರೆಯೇ ವ್ಯವಸ್ಥೆ. ಅಲ್ಲಿಯೂ ಸಾಮಾನ್ಯವಾಗಿ ಹತ್ತು ಮತ್ತು ಹನ್ನೊಂದನೆಯ ತರಗತಿಯ ಲೆಕ್ಕವೇ. ರಾಜ್ಯದ ನಿವಾಸಿಗಳಿಗೆ ಕನಿಷ್ಠ 2.5. ಆದರೆ ಸ್ಯಾನ್ ಹೋಸೆಯಂಥ ಕ್ಯಾಂಪಸ್‌ಗಳಲ್ಲಿ ಬೇಡಿಕೆಯ ವಿಷಯಗಳಿಗೆ ನಿಜವಾದ ಮಿತಿ ಬಹಳ ಮೇಲಿದೆ. ಇದೇ ವ್ಯವಸ್ಥೆಗೆ ಸೇರಿದ್ದರೂ ಸ್ಯಾನ್ ಲೂಯಿಸ್ ಒಬಿಸ್ಪೊದ ಕ್ಯಾಲ್ ಪಾಲಿ ಒಂಬತ್ತನೇ ತರಗತಿಯನ್ನೂ ಸೇರಿಸಿಕೊಳ್ಳುತ್ತದೆ. ಏರುಮುಖದ ಮಕ್ಕಳಿಗೆ ಅದು ಲಾಭದ ಜಾಗವಲ್ಲ.

ಟೆಕ್ಸಾಸ್‌ನವರಿಗೆ ಕಥೆ ಬೇರೆ. 1997ರ ಕಾನೂನಿನ ಪ್ರಕಾರ ತರಗತಿಯ ಮೊದಲ ಶೇ 10ರೊಳಗೆ ಇರುವವರಿಗೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿ ಪ್ರವೇಶ. ಯೂನಿವರ್ಸಿಟಿ ಆಫ್ ಟೆಕ್ಸಾಸ್‌ನ ಆಸ್ಟಿನ್ ಕ್ಯಾಂಪಸ್‌ಗೆ ಮಾತ್ರ ಈ ಮಿತಿ 2026ರ ಪ್ರವೇಶದಿಂದ ಶೇ 5. ಅಲ್ಲಿ ರ‍್ಯಾಂಕ್ ಒಂಬತ್ತರಿಂದ ಕೂಡುತ್ತ ಬರುವುದರಿಂದ ಮೊದಲ ವರ್ಷದ ಸಿ ಕೊನೆಯವರೆಗೂ ಕಾಲಿಗೆ ಕಟ್ಟಿದ ಕಲ್ಲು. ಪ್ಲೇನೊ, ಫ್ರಿಸ್ಕೊದಂಥ ಪೈಪೋಟಿಯ ಊರಿನಲ್ಲಿದ್ದರೆ ತಾನಾಗಿ ಸಿಗುವ ಪ್ರವೇಶದ ಲೆಕ್ಕ ಬಿಟ್ಟು, ಇಡೀ ಅರ್ಜಿಯನ್ನು ಓದಿ ನಿರ್ಧರಿಸುವ ಕಾಲೇಜುಗಳನ್ನು ಹುಡುಕಿ.

ಉಳಿದ ರಾಜ್ಯಗಳ ಮತ್ತು ಖಾಸಗಿ ಕಾಲೇಜುಗಳ ಬಗ್ಗೆ ತಿಳಿಯಲು ಒಂದು ಒಳ್ಳೆಯ ಸಾಧನವಿದೆ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಸೇರಿಸಿ ಹುಡುಕಿ. ಅಮೆರಿಕದ ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಒಂದೇ ಮಾದರಿಯ ಅಂಕಿ ಅಂಶ ಪತ್ರ ಅದು. ‘ಸಿ’ ವಿಭಾಗಕ್ಕೆ ಹೋಗಿ. ಸಿ7 ಎಂಬಲ್ಲಿ ಜಿಪಿಎ, ಪಾಠಗಳ ಕಠಿಣತೆ, ಪ್ರಬಂಧ, ಶಿಫಾರಸು ಪತ್ರ ಇವುಗಳಲ್ಲಿ ಯಾವುದು ‘ಬಹಳ ಮುಖ್ಯ’, ಯಾವುದನ್ನು ‘ನೋಡುವುದಿಲ್ಲ’ ಎಂಬ ಕೋಷ್ಟಕ ಇರುತ್ತದೆ. ಸಿ11ರಲ್ಲಿ ಸೇರಿದವರಲ್ಲಿ ಎಷ್ಟು ಜನರ ಜಿಪಿಎ 3.0ರಿಂದ 3.24, ಎಷ್ಟು ಜನರದು 2.5ರಿಂದ 2.99 ಎಂಬ ಶೇಕಡಾ ಲೆಕ್ಕ. ಸಾವಿರಾರು ಡಾಲರ್ ತೆಗೆದುಕೊಳ್ಳುವ ಸಲಹೆಗಾರರು ತೆರೆದು ನೋಡುವ ಹಾಳೆಯೂ ಇದೇ.

3. ಬೇಸಿಗೆಯಲ್ಲಿ ತೇಪೆ ಹಾಕಿ, ಆದರೆ ಅಳೆದು

ಡಿ ಅಥವಾ ಎಫ್ ಬಂದ ವಿಷಯವನ್ನು ಮತ್ತೆ ಓದಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಪಡೆದರೆ ಯುಸಿ ಹೊಸ ಗ್ರೇಡನ್ನೇ ಹಿಡಿಯುತ್ತದೆ. ಸಿ ಬಂದಿದ್ದನ್ನು ಮತ್ತೆ ಓದಿ ಎ ಮಾಡಿಕೊಂಡರೆ ಪ್ರಯೋಜನವಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಗೊತ್ತಿಲ್ಲದೆ ಒಂದಿಡೀ ಬೇಸಿಗೆಯನ್ನು ಜ್ಯಾಮಿಟ್ರಿಗೆ ಸುರಿದವರಿದ್ದಾರೆ.

ಹನ್ನೊಂದರ ನಂತರದ ಬೇಸಿಗೆಯಲ್ಲಿ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರಕಾರಿ ಕಾಲೇಜು) ಒಂದು ವಿಷಯ ತೆಗೆದುಕೊಳ್ಳುವುದು ಒಳ್ಳೆಯ ನಡೆ. ಯುಸಿಗೆ ವರ್ಗವಾಗುವಂಥ ಕಾಲೇಜು ಪಾಠವಾದರೆ ಅದಕ್ಕೂ ಎಪಿಯಂತೆ ಹೆಚ್ಚುವರಿ ಅಂಕ ಸಿಗುತ್ತದೆ. ಆದರೆ ಅಲ್ಲಿ ಬಂದ ಗ್ರೇಡ್ ಕಾಲೇಜಿನ ಶಾಶ್ವತ ದಾಖಲೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗಲೂ ಹದಿನೇಳನೇ ವಯಸ್ಸಿನ ಆ ಸಿ ಎದ್ದು ಬಂದು ನಿಲ್ಲುತ್ತದೆ. ಹಾಗಾಗಿ ಒಂದೇ ವಿಷಯ, ಅದೂ ಮಗುವಿಗೆ ಹಿಡಿಸುವಂಥದ್ದು.

4. ಹನ್ನೆರಡನೇ ತರಗತಿಯ ಪಾಠಗಳನ್ನು ಆರಿಸುವಾಗ

ಅಂಕ ಏರಿದ ಖುಷಿಯಲ್ಲಿ ಐದು ಎಪಿ ಹೇರಬೇಡಿ. ಗಣಿತ ಕಷ್ಟ ಎಂದು ಬಿಟ್ಟುಬಿಡಲೂ ಬೇಡಿ. ಹನ್ನೊಂದರಲ್ಲಿ ಬಿ ಬಂದ ದಾರಿಯಲ್ಲೇ ಒಂದು ಮೆಟ್ಟಿಲು ಮೇಲೆ ಹೋಗಿ. ಪ್ರಿಕ್ಯಾಲ್ಕ್ಯುಲಸ್ ಆಗಿದ್ದರೆ ಕ್ಯಾಲ್ಕ್ಯುಲಸ್ ಅಥವಾ ಸ್ಟ್ಯಾಟಿಸ್ಟಿಕ್ಸ್, ಎ ಬಂದ ವಿಷಯದಲ್ಲಿ ಒಂದೆರಡು ಎಪಿ. ಪಾಠ ಸುಲಭ ಮಾಡಿಕೊಂಡು ಎ ತಂದರೆ ಓದುವವರಿಗೆ ಅದು ಏರಿಕೆಯಾಗಿ ಕಾಣುವುದಿಲ್ಲ, ನುಣುಚಿಕೊಂಡಂತೆ ಕಾಣುತ್ತದೆ.

5. ಪಟ್ಟಿ ಮಾಡಿ, ಕೆಳಗಿನಿಂದ ಮೇಲಕ್ಕೆ

ನಮ್ಮವರು ಮೇಲಿನಿಂದ ಶುರು ಮಾಡುತ್ತಾರೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಕಾರ್ನೆಗಿ ಮೆಲನ್ ಎಂದು ಬರೆಯುತ್ತ ಹೋಗಿ, ಕೊನೆಗೆ ಜಾಗ ಉಳಿದರೆ ‘ಸೇಫ್ಟಿ’ ಎಂದು ಯಾವುದೋ ಹೆಸರು. ಸೇಫ್ಟಿ ಎಂದರೆ ಪ್ರವೇಶ ಹೆಚ್ಚುಕಡಿಮೆ ಖಚಿತವಾದ ಕಾಲೇಜು. ಜಿಪಿಎ ಸಾಧಾರಣವಿರುವಾಗ ಇಂಥ ಮೂರು ಸೇಫ್ಟಿ ಕಾಲೇಜುಗಳನ್ನೇ ಮೊದಲು ಹುಡುಕಬೇಕು, ಮತ್ತು ಮಗು ನಿಜವಾಗಿಯೂ ಹೋಗಲು ಒಪ್ಪುವಂಥವನ್ನು. ಒಪ್ಪದಿದ್ದರೆ ಅದು ಸೇಫ್ಟಿ ಅಲ್ಲ, ಅರ್ಜಿ ಶುಲ್ಕದ ದಂಡ. ನಂತರ ಸಿ11 ನೋಡಿ ನಡುವಿನ ಐದಾರು. ಕನಸಿನವು ಎರಡು ಸಾಕು.

ಪಟ್ಟಿಯನ್ನು ಕೆಡಿಸುವ ಇನ್ನೊಂದು ವಿಚಾರ, ವಿಷಯದ ಆಯ್ಕೆ. ಅನೇಕ ಕಡೆ ಕಂಪ್ಯೂಟರ್ ಸೈನ್ಸ್ ಮತ್ತು ನರ್ಸಿಂಗ್‌ಗೆ ಬೇರೆಯೇ ಸಾಲು, ಬೇರೆಯೇ ಮಿತಿ. ‘ಮೊದಲು ಗಣಿತ ಎಂದು ಒಳಗೆ ಹೋಗಿ, ಆಮೇಲೆ ಕಂಪ್ಯೂಟರ್‌ಗೆ ಬದಲಾಯಿಸಿಕೊಂಡರಾಯಿತು’ ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರುತ್ತದೆ. ದೊಡ್ಡ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಹಿತ್ತಿಲ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಆ ಕಾಲೇಜಿನ ವಿಷಯ ಬದಲಾವಣೆಯ ನಿಯಮವನ್ನು ಓದದೆ ಅರ್ಜಿ ಒತ್ತಬೇಡಿ.

6. ಯಾವಾಗ ಅರ್ಜಿ ಹಾಕಬೇಕು

ಸುಧಾರಿಸುತ್ತಿರುವ ಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ‘ಅರ್ಲಿ ಡಿಸಿಷನ್’ ಎಂದರೆ ನವೆಂಬರ್ ಹೊತ್ತಿಗೆ ಅರ್ಜಿ ಹಾಕಿ, ಸಿಕ್ಕರೆ ಸೇರಲೇಬೇಕಾದ ಬದ್ಧತೆ. ‘ಅರ್ಲಿ ಆಕ್ಷನ್’ ಕೂಡ ಬೇಗ, ಆದರೆ ಬದ್ಧತೆ ಇಲ್ಲ. ಬೇಗ ಹಾಕಿದರೆ ಒಳ್ಳೆಯದು ಎಂಬ ಮಾತು ಎಲ್ಲೆಡೆ ಇದೆ, ಎಲ್ಲ ವರ್ಷವೂ ಒಳ್ಳೆಯ ಅಂಕ ತಂದ ಮಕ್ಕಳಿಗೆ ಅದು ನಿಜವೂ ಇರಬಹುದು. ನಿಮ್ಮ ಮಗುವಿನ ವಿಷಯದಲ್ಲಿ ಯೋಚಿಸಿ. ನವೆಂಬರ್‌ನಲ್ಲಿ ಓದುವವರ ಮುಂದೆ ಇರುವುದು ಎರಡು ಸಾಧಾರಣ ವರ್ಷ ಮತ್ತು ಒಂದು ಒಳ್ಳೆಯ ವರ್ಷ. ಜನವರಿಯ ಸಾಮಾನ್ಯ ಗಡುವಿಗೆ ಹಾಕಿದರೆ, ಶಾಲೆಯ ಕೌನ್ಸೆಲರ್ ಕಳಿಸುವ ‘ಮಿಡ್ ಇಯರ್ ರಿಪೋರ್ಟ್’ ಜೊತೆಗೆ ಹನ್ನೆರಡರ ಮೊದಲ ಸೆಮಿಸ್ಟರ್‌ನ ಗ್ರೇಡ್‌ಗಳೂ ಹೋಗುತ್ತವೆ. ಒಂದು ವರ್ಷದ ಏರಿಕೆಯನ್ನು ಅದೃಷ್ಟ ಎನ್ನಬಹುದು. ಮೂರು ಸೆಮಿಸ್ಟರ್ ಏರಿದರೆ ಹಾಗೆನ್ನುವುದು ಕಷ್ಟ.

ನನ್ನ ಸಲಹೆ: ಖಚಿತವಾಗಿ ಸಿಗುವ ಕಾಲೇಜುಗಳಿಗೆ ಬೇಗ ಹಾಕಿ, ಕೈಯಲ್ಲೊಂದು ಸೀಟು ಇರಲಿ. ಉಳಿದವಕ್ಕೆ ಜನವರಿಯವರೆಗೆ ತಡೆಯಿರಿ. ಯುಸಿ ಮತ್ತು ಕ್ಯಾಲ್ ಸ್ಟೇಟ್‌ಗಳಲ್ಲಿ ಈ ಆಯ್ಕೆ ಇಲ್ಲ. ಅವುಗಳ ಗಡುವು ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಮೊದಲ ದಿನ, ಲೆಕ್ಕವೂ ಹನ್ನೊಂದರ ಬೇಸಿಗೆಗೆ ಮುಗಿದಿರುತ್ತದೆ.

7. ಬಿದ್ದದ್ದನ್ನು ಹೇಗೆ ಹೇಳಬೇಕು

ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ಒಂದೇ ಅರ್ಜಿಗೆ ‘ಕಾಮನ್ ಆ್ಯಪ್’ ಎನ್ನುತ್ತಾರೆ, ಪ್ರತಿವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ 650 ಪದಗಳ ಮುಖ್ಯ ಪ್ರಬಂಧ ಒಂದು, ‘ಹೆಚ್ಚುವರಿ ಮಾಹಿತಿ’ಯ ಜಾಗ ಒಂದು. ಎರಡನೆಯದನ್ನು 2025ರಲ್ಲಿ 300 ಪದಗಳಿಗೆ ಇಳಿಸಿದ್ದಾರೆ. ಅಂಕದ ವಿವರಣೆ ಅಲ್ಲಿಗೆ ಸೇರಬೇಕು, ಮುಖ್ಯ ಪ್ರಬಂಧಕ್ಕಲ್ಲ. ಮುಖ್ಯ ಪ್ರಬಂಧದಲ್ಲಿ ಮಗು ಯಾರು ಎನ್ನುವುದು ಕಾಣಬೇಕು. ಪೂರ್ತಿ 650 ಪದವನ್ನು ಕೆಮಿಸ್ಟ್ರಿಯ ಸಿಗೆ ಮೀಸಲಿಟ್ಟರೆ ಓದುವವರ ತಲೆಯಲ್ಲಿ ಉಳಿಯುವುದು ಆ ಸಿ ಒಂದೇ.

ಹೀಗೆ ಬರೆಯಬೇಡಿ: “ಹೊಸ ದೇಶ, ಹೊಸ ವಾತಾವರಣ, ಅನೇಕ ಸವಾಲುಗಳ ನಡುವೆಯೂ ಛಲ ಬಿಡದೆ ನಾನು ನನ್ನ ನಿಜವಾದ ಸಾಮರ್ಥ್ಯವನ್ನು ಕಂಡುಕೊಂಡೆ.”

ಇಂಗ್ಲಿಷಿನಲ್ಲಿ ಬರೆಯುವಾಗ ಸಾರ ಹೀಗಿರಲಿ: “ಒಂಬತ್ತನೇ ತರಗತಿಯ ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಬಂದು ಸೇರಿದೆ. ಜ್ಯಾಮಿಟ್ರಿಯ ಮೊದಲ ಎರಡು ತಿಂಗಳ ಪಾಠ ತಪ್ಪಿತ್ತು, ಸಹಾಯ ಕೇಳಲು ಸಂಕೋಚಪಟ್ಟೆ. ಹತ್ತನೇ ತರಗತಿಯ ಕೊನೆಯಿಂದ ಮಂಗಳವಾರ ಮತ್ತು ಗುರುವಾರ ಶಾಲೆ ಬಿಟ್ಟ ಮೇಲೆ ಗಣಿತದ ಕೋಣೆಯಲ್ಲಿ ಕುಳಿತು ಹಳೆಯದನ್ನು ಮತ್ತೆ ಕಲಿತೆ. ಪ್ರಿಕ್ಯಾಲ್ಕ್ಯುಲಸ್‌ನಲ್ಲಿ ಬಿ ಬಂತು, ಈಗ ಕ್ಯಾಲ್ಕ್ಯುಲಸ್ ಓದುತ್ತಿದ್ದೇನೆ.”

ನಾಲ್ಕು ವಾಕ್ಯ. ಏನಾಯಿತು, ಏನು ಮಾಡಿದೆ, ಫಲವೇನು. ಅಳು ಇಲ್ಲ, ಬಡಾಯಿ ಇಲ್ಲ. ಟೀಚರ್ ಸರಿಯಿರಲಿಲ್ಲ ಎಂಬ ದೂರಂತೂ ಬೇಡವೇ ಬೇಡ. ಕಾರಣವೇ ಇಲ್ಲದಿದ್ದರೆ, ಅಂದರೆ ಆ ವರ್ಷ ಪೂರ್ತಿ ವಿಡಿಯೊ ಗೇಮ್‌ನಲ್ಲಿ ಕಳೆದಿದ್ದರೆ, ಕಾರಣ ಹುಟ್ಟಿಸಬೇಡಿ. ಖಾಲಿ ಬಿಡಿ. ಟ್ರಾನ್ಸ್‌ಕ್ರಿಪ್ಟ್ ತಾನೇ ಮಾತಾಡುತ್ತದೆ.

ಕೌನ್ಸೆಲರನ್ನು ಹನ್ನೊಂದರ ವಸಂತದಲ್ಲೇ ಮಗು ಹೋಗಿ ಭೇಟಿಯಾಗಲಿ. ನೂರಾರು ಮಕ್ಕಳನ್ನು ನೋಡಿಕೊಳ್ಳುವ ಅವರಿಗೆ ಹೇಳದೆ ಏನೂ ಗೊತ್ತಾಗುವುದಿಲ್ಲ. ಅನಾರೋಗ್ಯ, ಮನೆಯ ತೊಂದರೆಯಂಥ ವಿಷಯ ಮಗುವಿನ ಬಾಯಿಂದ ಬರುವುದಕ್ಕಿಂತ ಅವರ ಪತ್ರದಲ್ಲಿ ಬಂದರೆ ತೂಕ ಹೆಚ್ಚು. ಶಿಫಾರಸು ಪತ್ರಕ್ಕೆ ಎಲ್ಲರೂ ಎ ಕೊಟ್ಟ ಟೀಚರ್ ಬಳಿ ಓಡುತ್ತಾರೆ. ನಾನಾದರೆ ಸಿಯಿಂದ ಬಿಗೆ ಏರುವುದನ್ನು ಕಣ್ಣಾರೆ ಕಂಡವರನ್ನು ಕೇಳುತ್ತೇನೆ. ಯುಸಿಗೆ ಸಾಮಾನ್ಯವಾಗಿ ಶಿಫಾರಸು ಪತ್ರ ಬೇಕಿಲ್ಲ. ಅಲ್ಲಿ 350 ಪದಗಳ ನಾಲ್ಕು ಉತ್ತರಗಳೇ ಎಲ್ಲ.

8. ಎಸ್‌ಎಟಿ ಬರೆಯಬೇಕೇ?

ಎಸ್‌ಎಟಿ ಎಂದರೆ ಕಾಲೇಜು ಪ್ರವೇಶಕ್ಕಾಗಿ ಬರೆಯುವ, 1600 ಅಂಕದ ಪರೀಕ್ಷೆ. ಯುಸಿ ಮತ್ತು ಕ್ಯಾಲ್ ಸ್ಟೇಟ್ ಅದನ್ನು ನೋಡುವುದೇ ಇಲ್ಲ. ಎಂಐಟಿ, ಜಾರ್ಜಿಯ ಟೆಕ್, ಪರ್ಡ್ಯೂಗಳಿಗೆ ಬೇಕೇ ಬೇಕು. ನಡುವೆ ಇರುವ ಬಹಳಷ್ಟು ಕಡೆ ‘ಟೆಸ್ಟ್ ಆಪ್ಷನಲ್’, ಬೇಕಿದ್ದರೆ ಕಳಿಸಿ ಎಂದರ್ಥ. ಆ ಕಾಲೇಜಿನ ಕಾಮನ್ ಡೇಟಾ ಸೆಟ್‌ನಲ್ಲಿರುವ ನಡುಮಟ್ಟಕ್ಕಿಂತ ನಿಮ್ಮ ಅಂಕ ಮೇಲಿದ್ದರೆ ಕಳಿಸಿ, ಇಲ್ಲದಿದ್ದರೆ ಬೇಡ. ಗ್ರೇಡ್ ಏರದೆ ಎಸ್‌ಎಟಿ ಮಾತ್ರ 1500 ಇದ್ದರೆ ‘ಬುದ್ಧಿವಂತ, ಆದರೆ ಸೋಮಾರಿ’ ಎಂದು ಓದಿಕೊಳ್ಳುತ್ತಾರೆ. ಎರಡೂ ಏರಿದ್ದರೆ ಒಂದಕ್ಕೊಂದು ಸಾಕ್ಷಿ.

9. ಕಮ್ಯೂನಿಟಿ ಕಾಲೇಜಿನ ದಾರಿಯನ್ನು ಕೊನೆಗೆ ತಳ್ಳಬೇಡಿ

ಇದನ್ನು ಹೇಳಿದಾಗ ಮುಖ ಸಪ್ಪಗಾಗುವುದನ್ನು ನೋಡಿ ಅಭ್ಯಾಸವಾಗಿದೆ. ಊರಿನಲ್ಲಿ ಏನೆಂದುಕೊಂಡಾರು ಎಂಬ ಚಿಂತೆ. ಊರಿನವರಿಗೆ ಕಮ್ಯೂನಿಟಿ ಕಾಲೇಜಾದ ಡಿ ಆಂಜಾ ಯಾವುದು, ಯುಸಿಯ ಡೇವಿಸ್ ಯಾವುದು ಎಂಬ ವ್ಯತ್ಯಾಸವೂ ಗೊತ್ತಿರುವುದಿಲ್ಲ ಬಿಡಿ.

ಕ್ಯಾಲಿಫೋರ್ನಿಯದಲ್ಲಿ ಇಂಥ 116 ಕಾಲೇಜುಗಳಿವೆ. ಹೈಸ್ಕೂಲು ಮುಗಿಸಿದ ಯಾರಿಗಾದರೂ ಪ್ರವೇಶ. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಪಾಠದ ಗಾತ್ರ ಅಳೆಯುವ ಲೆಕ್ಕ) 46 ಡಾಲರ್. ಎರಡು ವರ್ಷದಲ್ಲಿ 60 ಸೆಮಿಸ್ಟರ್ ಯೂನಿಟ್ ಮುಗಿಸಿ ಯುಸಿಗೆ ಮೂರನೇ ವರ್ಷಕ್ಕೆ ವರ್ಗವಾಗಬಹುದು. ಆಗ ಅವರು ನೋಡುವುದು ಕಾಲೇಜಿನ ಗ್ರೇಡ್. ಹೈಸ್ಕೂಲಿನ ಜಿಪಿಎ ಲೆಕ್ಕಕ್ಕಿಲ್ಲ. ತಡವಾಗಿ ಎಚ್ಚೆತ್ತ ಮಗುವಿಗೆ ಪೂರ್ತಿ ಹೊಸ ಹಾಳೆ ಕೊಡುವ ಬೇರೆ ದಾರಿ ಅಮೆರಿಕದಲ್ಲಿ ನನಗೆ ಕಾಣುವುದಿಲ್ಲ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ‘ಟ್ಯಾಗ್’ ಎಂಬ ಖಾತರಿಯನ್ನೂ ಕೊಡುತ್ತವೆ. ನಿಗದಿತ ಪಾಠ, ನಿಗದಿತ ಜಿಪಿಎ ಪೂರೈಸಿದರೆ ಸೀಟು ಖಚಿತ. ಅದಕ್ಕೆ ಅರ್ಜಿ ಸೆಪ್ಟೆಂಬರ್‌ನಲ್ಲಿ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ವಿಷಯಗಳೂ ಹಲವು ಕ್ಯಾಂಪಸ್‌ಗಳಲ್ಲಿ ಈ ಖಾತರಿಯ ಹೊರಗಿವೆ. ಯಾವ ಪಾಠ ಎಲ್ಲಿ ಸಲ್ಲುತ್ತದೆ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ಮೊದಲ ದಿನವೇ ನೋಡಿ. ನೋಡದೆ ಎರಡು ವರ್ಷ ಓದಿ, ಬೇಕಾದ ಗಣಿತವೇ ತಪ್ಪಿ ಮೂರನೇ ವರ್ಷವೂ ಅಲ್ಲೇ ಉಳಿಯುವುದು ಈ ದಾರಿಯ ದೊಡ್ಡ ಹೊಂಡ.

ವರ್ಜೀನಿಯದವರಿಗೂ ಹೀಗೊಂದು ದಾರಿ ಇದೆ. ನಾರ್ದರ್ನ್ ವರ್ಜೀನಿಯ ಕಮ್ಯೂನಿಟಿ ಕಾಲೇಜಿನಿಂದ ಜಾರ್ಜ್ ಮೇಸನ್‌ಗೆ ಸಾಗುವ ‘ಅಡ್ವಾನ್ಸ್’ ಯೋಜನೆಯನ್ನು ವಿಚಾರಿಸಿ.

ಎಚ್-4 ವೀಸಾದಲ್ಲಿರುವ (ಎಚ್-1ಬಿ ಉದ್ಯೋಗಿಗಳ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳ ಮನೆಯವರು ಇನ್ನೆರಡು ಸಂಗತಿ ಗಮನದಲ್ಲಿಡಿ. ಫೆಡರಲ್ ಸರಕಾರದ ಆರ್ಥಿಕ ನೆರವು ಸಿಗುವುದಿಲ್ಲ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ‘ಒಂದು ವರ್ಷ ಬಿಟ್ಟು ಓದಲಿ’ ಎಂದು ನಿರ್ಧರಿಸುವ ಮೊದಲು ಹುಟ್ಟಿದ ದಿನಾಂಕ ಹಿಡಿದು ವರ್ಷಗಳನ್ನು ಎಣಿಸಿ.

10. ಪತ್ರ ಬಂದ ಮೇಲೆ

ಸಾಮಾನ್ಯ ಅರ್ಜಿಗಳ ಉತ್ತರ ಮಾರ್ಚ್‌ ಹೊತ್ತಿಗೆ ಬರುತ್ತದೆ. ಬಹಳಷ್ಟು ಕಡೆ ಮೇ 1ರೊಳಗೆ ಒಂದು ಕಾಲೇಜಿಗೆ ಒಪ್ಪಿಗೆ ಕೊಟ್ಟು ಮುಂಗಡ ಕಟ್ಟಬೇಕು. ‘ವೇಟ್‌ಲಿಸ್ಟ್’ ಎಂದರೆ ಕಾಯುವ ಸಾಲು. ಕಾಲೇಜು ಅವಕಾಶ ಕೊಟ್ಟರೆ ಇತ್ತೀಚಿನ ಗ್ರೇಡ್ ಸೇರಿಸಿ ಅರ್ಧ ಪುಟದ ಪತ್ರ ಕಳಿಸಿ. ಕೊನೆಯವರೆಗೂ ಏರುತ್ತಲೇ ಇರುವ ಮಗುವಿಗೆ ಇದು ನಿಜವಾದ ಅವಕಾಶ. ಆದರೆ ಕಾಯುವ ಸಾಲನ್ನು ನಂಬಿ ಕೈಯಲ್ಲಿರುವ ಸೀಟನ್ನು ಬಿಡಬೇಡಿ.

ಸೀಟು ಸಿಕ್ಕಿತೆಂದು ಏಪ್ರಿಲ್‌ನಲ್ಲಿ ಪುಸ್ತಕ ಮುಚ್ಚಿಟ್ಟವರಿಗೆ ಬೇಸಿಗೆಯಲ್ಲಿ ಇನ್ನೊಂದು ಪತ್ರ ಬರುವುದುಂಟು. ಯುಸಿಯ ಪ್ರವೇಶ ಷರತ್ತುಬದ್ಧ. ಹನ್ನೆರಡರಲ್ಲಿ ಸಾಮಾನ್ಯವಾಗಿ 3.0 ಉಳಿಸಿಕೊಳ್ಳಬೇಕು, ಡಿ ಅಥವಾ ಎಫ್ ಇರಬಾರದು. ಯಾವುದೋ ವಿಷಯದಲ್ಲಿ ಡಿ ಬರುವಂತಿದ್ದರೆ ಅಡಗಿಸದೆ ಪ್ರವೇಶ ಕಚೇರಿಗೆ ಮೊದಲೇ ತಿಳಿಸಿ. ಅಂತಿಮ ಟ್ರಾನ್ಸ್‌ಕ್ರಿಪ್ಟ್ ಅವರ ಕೈ ಸೇರಬೇಕಾದ ದಿನ ಜುಲೈ 1. ಜೂನ್ ಮಧ್ಯದಲ್ಲಿ ಶಾಲೆಯ ಕಚೇರಿ ಬೇಸಿಗೆ ರಜೆಗೆ ಬಾಗಿಲು ಹಾಕುವ ಮೊದಲು, ಅದನ್ನು ಕಳಿಸಿದ್ದಾರೆಯೇ ಎಂದು ಹೋಗಿ ಕೇಳಿ ಬನ್ನಿ.